ಕೂಗದೇ ಹೋದ ಪೆಟ್ಟಿಗೆ

ಯಾವ ಕಾಲದ್ದೋ ಏನೋ, ಒಂದು ಕೋಟೆ ಇತ್ತಂತ. ಕೋಟೆಗೆ ಇಬ್ಬರು ಕಾವಲುಗಾರರು, ಒಬ್ಬನ ಭಾಷೆ ಇನ್ನೊಬ್ಬನಿಗೆ ಬರ್ತಿರಲಿಲ್ಲ. ಕೆಳಗಿನವ ವೈರಿಯನ್ನು ಕಂಡರೆ ಕತ್ತಲ ಗೋಡೆಯ ಗೂಡುಗಳಲ್ಲಿ ಒಂದರೊಳಗೆ ಕಲ್ಲು ಇಡಬೇಕು. ಮೇಲಿನವ ಅದನ್ನು ತಡವಿ ಕಹಳೆ ಊದಬೇಕು. ಒಂದು ದಿನ ಕಲ್ಲು ಗೂಡು ತಪ್ಪಿ, ಎರಡು ಗೂಡುಗಳ ನಡುವೆ ಕೂತಿತು. ಮೇಲಿನವ ತಡವಿದ, ಮೂರ್ಛೆ ಬಿದ್ದ. ಕಹಳೆ ಊದಲೇ ಇಲ್ಲ.

"ಮೂರ್ಛೆ ಯಾಕ ಬಿದ್ದ, ಆಯಿ?" ಸಣ್ಣವಳಿದ್ದಾಗ ಕಥೆ ಹೇಳುತ್ತಿದ್ದ ಅಜ್ಜಿಯನ್ನು ಕೇಳಿದ್ದೆ.

"ಅವನ ಕೈಗೆ ಗೂಡಿನ ರೂಢಿ ಇತ್ತವ್ವಾ. ಕಲ್ಲು ಬ್ಯಾರೆ ಕಡೆ ಸಿಕ್ಕರ ಜೀವ ಹಾರ್ತಿತ್ತು."

ಚಿತ್ತಾಪುರ ರಸ್ತೆಯ ಸುಣ್ಣದ ಭಟ್ಟಿಯ ಗುಂಡಿಯಲ್ಲಿ ವಿಷಗಾಳಿ ತುಂಬಿ ಕೂಲಿಯಾಳು ಕಪಿಲ ಸತ್ತ. ವಿಷಗಾಳಿ ಏರಿದರೆ ಸೈರನ್ ಕೂಗಬೇಕಾದ ಪೆಟ್ಟಿಗೆ ಅಲ್ಲೇ ಗೋಡೆಯ ಮೇಲಿತ್ತು. ಅದನ್ನು ಮಾಡಿದವರು ವಾಡಿಯ ವರ್ಕ್‌ಶಾಪಿನ ನಾನು ಮತ್ತು ಸಿದ್ದಲಿಂಗೇಶ. ಜನ ಓಡಿಬಂದಾಗ ಅದರ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು.

"ಮಷೀನ್ ಸರಿ ಅದ, ಕೂಗಿರ್ತದ. ಕುಡಿದು ಬಿದ್ದಿದ್ದ, ಕೇಳಿಸಿಲ್ಲ," ಅಂದುಬಿಟ್ಟ ಭಟ್ಟಿ ಮಾಲಕ.

ಕಪಿಲನ ತಾಯಿ ಯಂಕಮ್ಮ ನಮ್ಮ ಓಣಿಯವಳು. ಹೆಣದ ಮುಂದೆ ಕೂತೇ ನನ್ನ ಕೈ ಹಿಡಿದಳು. "ಲುಂಬಿನಿ, ನನ್ನ ಮಗ ಶೆರೆ ಮುಟ್ಟಿದವನಲ್ಲ. ನಿನ್ನ ಪೆಟ್ಟಿಗಿ ಕೂಗಿತ್ತೇನು? ಅದೊಂದು ಹೇಳು."

"ಹುಡುಕ್ತೀನತ್ತಿ. ಕೂಗಿಲ್ಲಂದ್ರ ಯಾಕಂತ ಎಲ್ಲರ ಮುಂದ ಹೇಳ್ತೀನಿ. ಕೂಗಿಸಿ ತೋರಿಸ್ತೀನಿ."

ಪೆಟ್ಟಿಗೆ ಬಿಚ್ಚಿ ತಂದು ಪರೀಕ್ಷೆಯ ಗ್ಯಾಸ್ ಬಿಟ್ಟೆ. ದೀಪ ಆರಿತು. ಸೈರನ್ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಹಸಿರು. ಪ್ರೋಗ್ರಾಂ ಕ್ರ್ಯಾಶ್ ಆಗಿ, ತಾನೇ ಮತ್ತೆ ಚಾಲೂ ಆಗುತ್ತಿತ್ತು.

"ಲ್ಯಾಪ್‌ಟಾಪಿನ್ಯಾಗ ಟೆಸ್ಟ್ ಮಾಡ್ದಾಗ ಕೂಗ್ತಿತ್ತಲ್ಲ," ಅಂದ ಸಿದ್ದಲಿಂಗೇಶ. "ನಿನ್ನ ಕೋಡ್‌ದಾಗೇ ಏನೋ ಅದ ನೋಡು. ಕನಸು ಕಾಣಕೋತ ಬರ್ದಿರ್ತಿ."

ಗಾಳಿ ಅಳೆದು ಅಂಕಿ ಇಡುವ ಭಾಗ ಅವನದು, ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಅದನ್ನು ಓದಿ ಸೈರನ್ ಕೂಗಿಸುವ ಭಾಗ ನನ್ನದು, ರಸ್ಟ್ ಎಂಬ ಇನ್ನೊಂದು ಭಾಷೆಯಲ್ಲಿ. ಮೆಮೊರಿ ಅಂದರೆ ಬೈಟ್ ಎಂಬ ಪುಟ್ಟ ಮನೆಗಳ ಸಾಲು, ಒಂದೊಂದಕ್ಕೂ ಒಂದು ವಿಳಾಸ. ಕ್ರ್ಯಾಶ್ ಆದ ಕ್ಷಣದಲ್ಲಿ ನನ್ನ ಕೋಡು ಮೆಮೊರಿಯ ಯಾವ ವಿಳಾಸಕ್ಕೆ ಕೈ ಹಾಕಿತ್ತೆಂದು ನೋಡಿದೆ. ಬೆಸಸಂಖ್ಯೆ! ನಾಲ್ಕು ಬೈಟ್ ಹಿಡಿಯುವ ಅಂಕಿ ಯಾವಾಗಲೂ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಶುರುವಾಗುತ್ತದೆಂದು ನನ್ನ ಕೋಡು ನಂಬಿತ್ತು.

"ಸಿದ್ದು, ಗುಂಡಿ ನಂಬರಿಗೆ ಒಂದು ಬೈಟ್ ಇಟ್ಟಿಯಲ್ಲ, ಅದರ ಮುಂದ, ಗಾಳಿ ಅಂಕಿಗಿಂತ ಮೊದಲ, ಜಾಗ ಬಿಟ್ಟಿಲ್ಲೇನು?"

"ಯಾಕ ಬಿಡ್ಲಿ? ಶಹಾಬಾದ ಫರ್ಸಿ ಕಲ್ಲು ಹಾಸೋ ಮನಿಯವ ನಾ. ಸಂದಿ ಕಂಡ್ರ ನಮ್ಮಪ್ಪ ಕಲ್ಲೇ ಕೀಳಸ್ತಿದ್ದ. ಮೆಮೊರಿನೂ ಹಂಗೇ ಒತ್ತಿ ಹಾಸೀನಿ."

ಲ್ಯಾಪ್‌ಟಾಪಿನ ದೊಡ್ಡ ಪ್ರೊಸೆಸರ್ ಆ ಬೆಸ ವಿಳಾಸವನ್ನು ಸಹಿಸಿಕೊಂಡಿತ್ತು, ಪೆಟ್ಟಿಗೆಯ ಸಣ್ಣ ಚಿಪ್ ಸಹಿಸಲಿಲ್ಲ. ಗಾಳಿ ಚೆನ್ನಾಗಿದ್ದಾಗ ಅಂಕಿ ನನ್ನ ಕೋಡಿನ ಕಡೆ ಬರುತ್ತಲೇ ಇರಲಿಲ್ಲ. ವಿಷ ಏರಿದಾಗ ಮಾತ್ರ ಬರುತ್ತಿತ್ತು. ಬಂದಾಗಲೆಲ್ಲ ಮೂರ್ಛೆ.

ಸಿದ್ದಲಿಂಗೇಶನ ಮುಖ ಸುಣ್ಣವಾಯಿತು. "ನಾನಾ?"

"ನಾವಿಬ್ಬರೂ. ನೀ ಹೇಳ್ಲಿಲ್ಲ, ನಾ ಕೇಳ್ಲಿಲ್ಲ."

ಗುಂಡಿ ನಂಬರಿನ ಮುಂದೆ ಮೂರು ಬೈಟ್ ಖಾಲಿ ಬಿಟ್ಟೆವು, ಅಂಕಿ ನಾಲ್ಕರ ವಿಳಾಸಕ್ಕೆ ಬಂದು ಕೂತಿತು.

ಪೆಟ್ಟಿಗೆಯನ್ನು ಭಟ್ಟಿಗೆ ಒಯ್ದಾಗ ಕೂಲಿಯವರೆಲ್ಲ ಸೇರಿದ್ದರು. "ಅವತ್ತ ಇದು ಕೂಗಿಲ್ಲ," ಅಂದೆ. "ಕಪಿಲಂದು ಏನೂ ತಪ್ಪಿಲ್ಲ. ತಪ್ಪು ನಮ್ಮ ಪೆಟ್ಟಿಗೀದು."

"ಹಂಗಾರ ಕೇಸ್ ನಿಮ್ಮ ಮ್ಯಾಲ," ಅಂದ ಮಾಲಕ.

"ಹಾಕ್ರಿ."

ಗ್ಯಾಸ್ ಬಿಟ್ಟೆ. ಸೈರನ್ ಕೂಗಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ಯಂಕಮ್ಮ ಮಾತ್ರ ಗುಂಡಿಯ ಮೆಟ್ಟಿಲು ನೋಡುತ್ತ ನಿಂತಳು, ಯಾರೋ ಓಡಿ ಮೇಲೆ ಬರಲಿದ್ದಾರೆ ಅನ್ನುವಂತೆ.

"ಬಂದ್ ಮಾಡ್ಲೇನತ್ತಿ?"

"ಇರ್ಲಿ," ಅಂದಳು. "ಇನ್ನೊಂದೀಟು ಕೂಗ್ಲಿ."