ಅಣ್ಣನ ಪಾಲಿನ ಪರಮಪ್ರಸಾದ

ದರ್ಜಿಗೆ ಬೀದಿಯವರು ಇಟ್ಟ ಅಡ್ಡಹೆಸರು ಮರಿಪಾದ್ರಿ. ಎದುರಿಗೆ ಹಾಗೆ ಕರೆದರೆ ಮುಖ ಗಂಟು ಹಾಕುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ಭಾನುವಾರದ ಪೂಜೆ ಮುಗಿದ ಮೇಲೆ, ಹಾಸಿಗೆ ಹಿಡಿದು ಚರ್ಚಿಗೆ ಬರಲಾಗದವರ ಮನೆಗಳಿಗೆ ಪರಮಪ್ರಸಾದ, ಎಂದರೆ ದೇವರೇ ಎಂದು ನಂಬಿ ಸ್ವೀಕರಿಸುವ ತೆಳು ರೊಟ್ಟಿಯ ಬಿಲ್ಲೆ, ಒಯ್ಯುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿದ್ದರು. ಪ್ರಸಾದದ ಪುಟ್ಟ ಡಬ್ಬಿಯನ್ನು ತಾನೇ ಹೊಲಿದ ಬಿಳಿ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಎದೆಗೆ ಕೈ ಒತ್ತಿ, ದಾರಿಯಲ್ಲಿ ಯಾರ ಜೊತೆಗೂ ತುಟಿ ಬಿಚ್ಚದೆ ನಡೆಯುತ್ತಿದ್ದ. ದೇವರನ್ನು ಹೊತ್ತವನು ಹರಟೆ ಹೊಡೆಯಬಾರದು ಎಂಬುದು ನಿಯಮ. ಜನ ಪಕ್ಕಕ್ಕೆ ಸರಿದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಆ ಗೌರವ ಡಬ್ಬಿಯೊಳಗಿನ ದೇವರಿಗೆ ಎಂದು ಅವನಿಗೆ ಗೊತ್ತಿತ್ತು. ಆದರೂ ತುಸು ತನ್ನ ಕಡೆಗೂ ಸೋರುತ್ತದೆ ಎಂದು ಅನ್ನಿಸುತ್ತಿತ್ತು. ಚರ್ಚಿನಲ್ಲಿ ಯಾವಾಗಲೂ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದ. ಕೂತದ್ದನ್ನು ನಾಲ್ಕು ಜನ ನೋಡಿದರೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದ. ಇಷ್ಟೊಂದು ವಿನಯವನ್ನು ಹೊತ್ತು ತಿರುಗುವುದು ಸುಲಭವಲ್ಲ, ಪಾಪ.

ಅವನಿಗೊಬ್ಬ ಅಣ್ಣ, ಬಡಗಿ. ಇಬ್ಬರ ನಡುವೆ ಮಾತು ನಿಂತದ್ದು ತಾಯಿಯ ಮಣ್ಣಿನ ದಿನ. ಶವಪೆಟ್ಟಿಗೆಯ ಮುಂದೆ ದರ್ಜಿ ಶಿಲುಬೆ ಹಿಡಿದು ನಿಂತಿದ್ದ. ಅತ್ತು ಅತ್ತು ಕೈ ನಡುಗುತ್ತಿತ್ತು. "ಕೊಡಿಲ್ಲಿ, ಬೀಳಿಸಿಬಿಡ್ತೀಯ" ಎಂದು ಅಣ್ಣ ನೆರೆದವರೆಲ್ಲರ ಮುಂದೆ ಅದನ್ನು ಕಸಿದುಕೊಂಡ. ಅಷ್ಟೇ. ಮರದ ಜೊತೆ ಬಾಳಿದವನ ಒರಟು ಕೈ, ಒರಟು ಮಾತು; ಮರುದಿನವೇ ಅಣ್ಣ ಮರೆತ. ತಮ್ಮ ಮಾತ್ರ ಆ ಅವಮಾನವನ್ನು ಇಸ್ತ್ರಿ ಮಾಡಿ ಮಡಚಿ ಜೋಪಾನವಾಗಿಟ್ಟುಕೊಂಡ.

ಈಗ ಶ್ವಾಸಕೋಶ ಕೆಟ್ಟು ಅಣ್ಣ ಹಾಸಿಗೆ ಹಿಡಿದಿದ್ದ. "ನಿಮ್ಮಣ್ಣನ ಮನೆಗೂ ಹೋಗಿಬನ್ನಿ" ಎಂದು ಗುರುಗಳು ಹೇಳಿದಾಗ ಇಲ್ಲವೆನ್ನಲು ದರ್ಜಿಗೆ ಬಾಯಿ ಬರಲಿಲ್ಲ. ಹೋಗುತ್ತಿದ್ದ, ಎಲ್ಲರಿಗಿಂತ ಕೊನೆಗೆ. ಪುಸ್ತಕದಲ್ಲಿದ್ದ ಪ್ರಾರ್ಥನೆಯನ್ನು ಹೇಳಿಸಿ, ನಾಲಿಗೆಯ ಮೇಲೆ ಪ್ರಸಾದ ಇಟ್ಟು, ಎದ್ದುಬಿಡುತ್ತಿದ್ದ.

"ಕೂತ್ಕೊಳ್ಳೋ, ಒಂದು ಲೋಟ ಟೀ ಕುಡಿದು ಹೋಗು" ಎನ್ನುತ್ತಿದ್ದ ಅಣ್ಣ.

ದರ್ಜಿ ಕೊರಳಿನ ಚೀಲ ತೋರಿಸಿ ಆಗದೆಂದು ತಲೆಯಾಡಿಸುತ್ತಿದ್ದ.

"ಡಬ್ಬಿ ಖಾಲಿಯಾಯ್ತಲ್ಲೋ, ಕೊನೇದು ನನ್ನದೇ ತಾನೆ? ಇನ್ನೂ ಯಾಕೆ ಬಾಯಿಗೆ ಬೀಗ?" ಎಂದು ಅಣ್ಣ ಕೆಮ್ಮಿನ ನಡುವೆಯೇ ನಗುತ್ತಿದ್ದ. ಮಾತು ನಿಜ. ಡಬ್ಬಿ ಖಾಲಿಯಾದ ಮೇಲೆ ಮೌನದ ನಿಯಮವೂ ಇಲ್ಲ. ದರ್ಜಿಗೆ ಅದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಮೆಟ್ಟಿಲಿಳಿದು ಬರುತ್ತಿದ್ದ.

"ಅಲ್ರೀ, ಅವರ ಬಾಯಿಗೆ ದೇವರನ್ನೇ ಇಡ್ತೀರಿ. ಎರಡು ಮಾತಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಹೆಂಡತಿ ಕೇಳಿದಳು.

"ಅವನು ಮೊದಲು ತಪ್ಪಾಯ್ತು ಅನ್ನಲಿ."

"ಯಾವ ತಪ್ಪು ಅಂತ ಅವರಿಗೆ ನೆನಪಾದ್ರೂ ಇದೆಯಾ?"

ನೆನಪಿಲ್ಲದಿರುವುದೇ ಇನ್ನೂ ದೊಡ್ಡ ಅವಮಾನ ಎಂದು ಅವನಿಗನ್ನಿಸಿತು. ಪಾಪನಿವೇದನೆಗೆ ಹೋದಾಗಲೂ ಗಿರಾಕಿಗಳ ಮೇಲೆ ರೇಗಿದ್ದನ್ನೆಲ್ಲ ಹೇಳಿಕೊಂಡು, ಇದೊಂದನ್ನು ಹಲ್ಲು ಕಚ್ಚಿ ಒಳಗೇ ಉಳಿಸಿಕೊಂಡು ಬರುತ್ತಿದ್ದ.

ಒಂದು ಶನಿವಾರ ಗುರುಗಳು ಅಣ್ಣನ ಮನೆಗೆ ಹೋಗಿ, ಸಾವಿನ ಅಂಚಿನಲ್ಲಿರುವವರಿಗೆ ಹಚ್ಚುವ ಪವಿತ್ರ ಎಣ್ಣೆಯನ್ನು ಹಣೆಗೆ ಹಚ್ಚಿ ಪ್ರಾರ್ಥಿಸಿ ಬಂದರು. ಮರುದಿನ ಪೂಜೆ ಮುಗಿಯುತ್ತಲೇ ದರ್ಜಿಗೆ ಅತ್ತಿಗೆಯ ಫೋನು ಬಂತು.

"ಇವತ್ತು ಮೊದಲು ನಮ್ಮನೆಗೆ ಬಾಪ್ಪ. ನಿನ್ನನ್ನೇ ಕೇಳ್ತಿದ್ದಾರೆ."

"ಬರ್ತೀನಿ ಅತ್ತಿಗೆ" ಎಂದ.

ಆದರೆ ಕರೆದ ಕೂಡಲೇ ಓಡಿದರೆ ತನ್ನದೇ ತಪ್ಪು ಎಂದು ಒಪ್ಪಿಕೊಂಡ ಹಾಗಲ್ಲವೇ? ಎಂದಿನ ಸರದಿಯನ್ನೇ ಹಿಡಿದ. ಕಣ್ಣು ಕಾಣದ ಟೀಚರಮ್ಮನ ಮನೆಯಲ್ಲಿ ಸ್ತುತಿಗೀತೆಯನ್ನು ಕೊನೆಯ ಚರಣದವರೆಗೂ ಎಳೆದು ಹಾಡಿದ. ಮನಸ್ಸು ಮಾತ್ರ ಚುಚ್ಚುತ್ತಲೇ ಇತ್ತು. ಇವತ್ತು ಮಾತಾಡಿಬಿಡೋಣ ಎಂದು ದಾರಿಯಲ್ಲಿ ನಿಜವಾಗಿಯೂ ತೀರ್ಮಾನಿಸಿದ. ಏನು ಮಾತಾಡುವುದೆಂದೂ ಜೋಡಿಸಿಕೊಂಡ.

ಅವನು ಹೋದಾಗ ಅತ್ತಿಗೆ ಅಣ್ಣನ ಕಣ್ಣು ಮುಚ್ಚಿಸುತ್ತಿದ್ದಳು.

"ಈಗ ತಾನೇ ಹೋದ್ರು" ಎಂದಳು. ಬೈಯಲಿಲ್ಲ.

ಡಬ್ಬಿಯಲ್ಲಿ ಅಣ್ಣನ ಪಾಲಿನ ಪ್ರಸಾದ ಉಳಿದಿತ್ತು. ಸತ್ತವರ ಬಾಯಿಗೆ ಅದನ್ನು ಕೊಡುವಂತಿಲ್ಲ, ಮನೆಯಲ್ಲಿ ಇಡುವಂತಿಲ್ಲ. ಚರ್ಚಿಗೆ ಮರಳಿ ಒಯ್ಯಬೇಕು, ಇಲ್ಲವೇ ಅಲ್ಲೇ ಯಾರಾದರೂ ಸ್ವೀಕರಿಸಬೇಕು. ಹೆಣದ ಮುಂದೆ ಅತ್ತಿಗೆಯೊಬ್ಬಳನ್ನೇ ಬಿಟ್ಟು ಚರ್ಚಿಗೆ ಹೋಗುವುದು ಹೇಗೆ? ಅವನು ಡಬ್ಬಿ ತೆರೆದು ಅತ್ತಿಗೆಯ ಮುಖ ನೋಡಿದ.

"ನನ್ನ ಗಂಟಲಲ್ಲಿ ಏನೂ ಇಳಿಯಲ್ಲ ಈಗ. ನೀನೇ ತಗೋ" ಎಂದಳು.

ದರ್ಜಿ ಮಂಚದ ಪಕ್ಕ ಮೊಣಕಾಲೂರಿದ. ಸ್ವಾಮೀ, ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯನಲ್ಲ. ವಾರವಾರವೂ ಅವನು ಹೇಳಿಕೊಡುತ್ತಿದ್ದ ಮಾತು. ಅಣ್ಣ ಏದುಸಿರು ಬಿಡುತ್ತ ಅವನ ಹಿಂದೆ ಹೇಳುತ್ತಿದ್ದ. ಎಷ್ಟು ಬಾಯಿಗಳಿಂದ ಅದನ್ನು ಹೇಳಿಸಿದ್ದನೋ, ತನ್ನ ಮಟ್ಟಿಗೂ ಅದು ನಿಜ ಎಂದು ಅವತ್ತೇ ತಿಳಿದದ್ದು. ಪ್ರಸಾದ ಒಣಗಿದ ಬಾಯಿಯಲ್ಲಿ ಬಹಳ ಹೊತ್ತು ಕರಗಲಿಲ್ಲ. ಅಳು ಒತ್ತರಿಸಿ ಬಂತು; ಅಳಲು ಬಾಯಿ ತೆರೆಯುವಂತಿರಲಿಲ್ಲ.

ಅಷ್ಟರಲ್ಲಿ ಅಕ್ಕಪಕ್ಕದವರು ಬಂದು ಕೋಣೆ ತುಂಬಿತು. ಎದುರುಮನೆಯ ಅಜ್ಜಿ ಕಣ್ಣೊರೆಸಿಕೊಂಡು, "ತಮ್ಮ ಅಂದ್ರೆ ಹೀಗಿರಬೇಕು. ಕೊನೇ ಗಳಿಗೇಲೂ ದೇವರನ್ನ ಹೊತ್ಕೊಂಡು ಬಂದ. ಸಂತನಂಥವನು" ಎಂದಳು. ಹಿಂದೆಲ್ಲ ಇಂಥ ಮಾತು ಕಿವಿಗೆ ಬಿದ್ದರೆ ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ, ಇನ್ನೊಂದು ಸಲ ಹೇಳಲಿ ಎಂದು.

"ಇಲ್ಲಜ್ಜಿ" ಎಂದ. "ಬೆಳಿಗ್ಗೇನೇ ಕರೆದಿದ್ರು. ನಾನು ಬೇಕಂತಲೇ ತಡ ಮಾಡ್ದೆ. ಇಷ್ಟು ವಾರ ಬಂದ್ರೂ ಅಣ್ಣನ ಹತ್ರ ಒಂದು ಮಾತೂ ಆಡಿಲ್ಲ."

ಅಜ್ಜಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ದರ್ಜಿ ಅತ್ತಿಗೆಯ ಕಡೆ ತಿರುಗಿದ. ಅವಳು ಉಗಿಯಲಿ, ಮನೆಯಿಂದಾಚೆ ನಡೆ ಎನ್ನಲಿ ಎಂದು ಕಾದ.

"ನಂಗೆ ಗೊತ್ತಿತ್ತು" ಎಂದಳು ಅತ್ತಿಗೆ. "ಅವರಿಗೂ ಗೊತ್ತಿತ್ತು. 'ಸರದಿ ಮುಗಿಸ್ಕೊಂಡೇ ಬರ್ತಾನೆ ಬಿಡು. ಬಂದ್ಮೇಲೆ ಬೈಬೇಡ ಕಣೆ, ಚಿಕ್ಕವನು' ಅಂದ್ರು."

ತಲೆಯೆಲ್ಲ ನರೆತ ದರ್ಜಿ ಎಲ್ಲರೆದುರೂ ಬಿಕ್ಕಿ ಬಿಕ್ಕಿ ಅತ್ತ. ಅತ್ತಿಗೆ ಅವನನ್ನು ಅಳಲು ಬಿಟ್ಟಳು. ಆಮೇಲೆ ಒಳಗಿನಿಂದ ಒಗೆದ ಅಂಗಿಯೊಂದನ್ನು ತಂದು, "ಬಾ, ಸ್ವಲ್ಪ ಕೈ ಜೋಡಿಸು. ಅವರಿಗೆ ಇದನ್ನ ಹಾಕ್ಬೇಕು, ಸ್ವಲ್ಪ ಎತ್ತಿ ಹಿಡ್ಕೋ" ಎಂದಳು.

ಅವನು ಬೆನ್ನಿನ ಕೆಳಗೆ ಕೈ ತೂರಿಸಿ ಅಣ್ಣನನ್ನು ಎತ್ತಿ ಎದೆಗೆ ಒರಗಿಸಿಕೊಂಡ. ಮೈ ಇನ್ನೂ ಬೆಚ್ಚಗಿತ್ತು.