ಕಡಾಣಿ ಕದಿರ

"ನೋಡ್ರೋ ಇಲ್ಲಿ! ಕಣ್ಣು ಬಿಟ್ಟು ನೋಡ್ರೋ! ಇವ್ನೇ ಕಡಾಣಿ ಕಳ್ಳ!"

ದಫೇದಾರ್ ರಾಮಚಂದ್ರಪ್ಪನವರು ಲಾಠಿಯ ತುದಿಯನ್ನು ಕದಿರಪ್ಪನ ಎದೆಗೆ ತಾಗಿಸಿ ನಿಂತಿದ್ದರು. ಮುಳಬಾಗಿಲಿನ ಬಸ್ ಸ್ಟ್ಯಾಂಡು, ಬೆಳಗಿನ ಹೊತ್ತು. ಕೋಲಾರದ ಬಸ್ಸಿಗೆ ಕಾದವರು, ಕಾಫಿ ಹೋಟೆಲಿನ ಬಾಗಿಲಲ್ಲಿ ನಿಂತವರು, ಸೊಪ್ಪು ಮಾರುವ ಆಂಜಿನಮ್ಮ, ಎಲ್ಲರೂ ಕತ್ತು ಹೊರಳಿಸಿದರು. ದಫೇದಾರರ ಬೆನ್ನಿಗೆ ಒಂದಷ್ಟು ಹುಡುಗರು ಮಂದೆಯ ಕುರಿಗಳ ಹಾಗೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಹಿಂದಿನ ಸಂಜೆ ಮಾವಿನ ತೋಪಿನಲ್ಲಿ ಇಸ್ಪೀಟಾಡುತ್ತ ಸಿಕ್ಕಿಬಿದ್ದವರು. ಬೇರೆ ದಫೇದಾರರಾಗಿದ್ದರೆ ಬೆನ್ನಿಗೆ ಬಾರಿಸಿ ಬಿಡುತ್ತಿದ್ದರು. ರಾಮಚಂದ್ರಪ್ಪನವರದು ಹಾಗಲ್ಲ. ಬುದ್ಧಿ ಹೇಳಬೇಕು, ದಾರಿ ತೋರಿಸಬೇಕು. ತೋರಿಸುವುದಕ್ಕೆ ಅವರ ಹತ್ತಿರ ಕದಿರಪ್ಪ ಇದ್ದ.

"ಇವ್ನೂ ನಿಮ್ಮಂಗೇ ಇದ್ದ ಕಣ್ರೋ. ನಿಮಗಿಂತ ಕಡೆಯಾಗಿದ್ದ. ಸಂತೇಲಿ ನಿಂತ ಗಾಡಿಗಳ ಅಚ್ಚಿನ ತುದಿಯ ಕಬ್ಬಿಣದ ಕಡಾಣಿ ಕಿತ್ತು ಕುಲುಮೆಯವನಿಗೆ ಮಾರ್ತಿದ್ದ. ಗಾಡಿ ನಾಲ್ಕು ಮಾರು ಹೋಗೋದು, ಚಕ್ರ ಕಳಚಿ ದಬ್ ಅಂತ ಬೀಳೋದು. ಅಂಥಾ ಕಳ್ಳ ಈಗ ಇದೇ ಬಸ್ಸಿನ ಕ್ಲೀನರ್ರು! ಇವತ್ತು ಕೋಲಾರಕ್ಕೆ ಡ್ರೈವರ್ ಪರೀಕ್ಷೆ ಕೊಡಕ್ಕೆ ಹೋಗ್ತಾನೆ! ಯಾರಿಂದ? ಹೇಳೋ ಕದಿರ, ಯಾರಿಂದ?"

"ನಿಮ್ಮಿಂದ ಸ್ವಾಮಿ," ಎಂದ ಕದಿರಪ್ಪ.

ಈ ಉತ್ತರವನ್ನು ಅವನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಒಪ್ಪಿಸಿದ್ದನೋ ಅವನಿಗೇ ಗೊತ್ತಿರಲಿಲ್ಲ. ಮೊದಮೊದಲು ಹೇಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಮೈ ಉರಿಯುತ್ತಿತ್ತು. ಈಗ ಆ ಉರಿಯೂ ದಣಿದು ಹೋಗಿತ್ತು. ಹೇಳಿ ಮುಗಿಸಿ ಬಸ್ಸಿನ ಹಿಂದಕ್ಕೆ ಹೋಗಿ ಒಲೆಯ ಗಾಳಿಚಕ್ರ ತಿರುವತೊಡಗಿದ.

ಯುದ್ಧ ಬಂದ ಮೇಲೆ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿದ್ದರು. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಕೆಂಡ ಹದಕ್ಕೆ ಬಂದು ಹೊಗೆ ಇಂಜಿನ್ನಿಗೆ ಏರುವವರೆಗೆ ಚಕ್ರ ತಿರುವುತ್ತಲೇ ಇರಬೇಕು. ಅದು ಕ್ಲೀನರನ ಕೆಲಸ. ಬಸ್ಸು ಹೊರಡುವ ಹೊತ್ತಿಗೆ ಕದಿರಪ್ಪನ ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪು.

"ಅಣ್ಣಾ."

ಇಸ್ಪೀಟಿನ ಹುಡುಗರಲ್ಲಿ ಒಬ್ಬ ಮೆಲ್ಲಗೆ ಪಕ್ಕಕ್ಕೆ ಬಂದು ನಿಂತಿದ್ದ. ಕತ್ತಿಗೆ ಕೆಂಪು ಚೌಕ ಕಟ್ಟಿದ್ದ, ಮೀಸೆ ಇನ್ನೂ ಸರಿಯಾಗಿ ಮೂಡದವನು. ಮುಖದಲ್ಲಿ ಭಯವೂ ಇಲ್ಲ, ಭಕ್ತಿಯೂ ಇಲ್ಲ.

"ಏನ್ಲಾ?"

"ಆ ಕುಲುಮೆಯವ್ನು ಕಡಾಣಿಗೆ ಎಷ್ಟು ಕೊಡ್ತಿದ್ದ? ಈಗ್ಲೂ ತಗೋತಾನಾ?"

ಕದಿರಪ್ಪನ ಕೈ ನಿಂತಿತು. ದಫೇದಾರರು ಅಷ್ಟು ಹೊತ್ತು ಗಂಟಲು ಹರಿದುಕೊಂಡು ಹೇಳಿದ್ದರಲ್ಲಿ ಈ ಹುಡುಗನ ಕಿವಿಗೆ ಬಿದ್ದದ್ದು ಅದೊಂದೇ.

"ಹೋಗ್ಲಾ ಆಚೆಗೆ! ಒಲೆಗೆ ತುರುಕಿಬಿಡ್ತೀನಿ!"

ಹುಡುಗ ಹಲ್ಲು ಕಿರಿದು ಜಾಗ ಬಿಟ್ಟ.

ಇನ್ನು ಸಾಮಾನು ಏರಿಸುವ ಕೆಲಸ. ಗುಂಡಮ್ಮನವರ ತಗಡಿನ ಪೆಟ್ಟಿಗೆಗೆ ಕೈ ಹಾಕಿದ. ಕೋಲಾರದಲ್ಲಿ ಮಗಳ ಮನೆ ಇದ್ದ ಆ ಮುದುಕಿ ಹಬ್ಬ ಹುಣ್ಣಿಮೆಗೆಲ್ಲ ಇದೇ ಬಸ್ಸಿಗೆ ಬರುತ್ತಿದ್ದರು. ಆ ಪೆಟ್ಟಿಗೆಯನ್ನು ಬಸ್ಸಿನ ತಲೆಯ ಮೇಲೆ ಏರಿಸುತ್ತಿದ್ದವನೂ ಇಳಿಸುತ್ತಿದ್ದವನೂ ಇವನೇ. "ಜೋಪಾನ ಕಣಪ್ಪಾ, ಹಪ್ಪಳ ಪುಡಿಯಾಗುತ್ತೆ" ಎಂದಷ್ಟೇ ಹೇಳುತ್ತಿದ್ದರು. ಇವತ್ತು, ದಫೇದಾರರ ಕೂಗು ಕೇಳಿದ ಮೇಲೆ, ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿದರು.

"ಇರ್ಲಿ ಬಿಡಪ್ಪಾ. ನನ್ನ ತೊಡೆ ಮೇಲೇ ಇರ್ಲಿ."

"ಭಾರ ಆಗುತ್ತಮ್ಮ. ಕೋಲಾರದ ತನಕ ಹೆಂಗೆ ಹಿಡ್ಕೊಂಡಿರ್ತೀರಿ?"

"ಭಾರ ಏನಿಲ್ಲ."

ಅವರು ಅವನ ಮುಖ ನೋಡಲಿಲ್ಲ. ಕದಿರಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಸ್ಟೀರಿಂಗಿನ ಮುಂದೆ ಕೂತಿದ್ದ ಮುದಿ ಡ್ರೈವರ್ ಪೆದ್ದಪ್ಪ ಅದನ್ನು ಕಂಡು, "ಪೋನೀಲೇರಾ ಕದಿರಾ, ಹೋಗ್ಲಿ ಬಿಡು" ಎಂದ. ಪೆದ್ದಪ್ಪನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ದಾರಿಯಲ್ಲಿ ಬರುವುದು ಎಮ್ಮೆಯೋ ಗಾಡಿಯೋ ತಿಳಿಯುವುದು ಕಷ್ಟವಾಗುತ್ತಿತ್ತು. ಬಸ್ಸು ಓಡಿಸುವುದನ್ನು ಕದಿರಪ್ಪನಿಗೆ ಕಲಿಸಿದವನೂ ಅವನೇ. ಇವತ್ತು ಕೋಲಾರದಲ್ಲಿ ಪೊಲೀಸ್ ಸಾಹೇಬರು ಲೈಸೆನ್ಸು ಕೊಟ್ಟರೆ ನಾಳೆಯಿಂದ ಆ ಸೀಟು ಕದಿರಪ್ಪನದು. ಬಸ್ಸಿನ ಯಜಮಾನ ಚನ್ನರಾಯಪ್ಪನವರು ಮಾತು ಕೊಟ್ಟಿದ್ದರು. ಕದಿರಪ್ಪನಿಗೆ ಸಂಬಳದ ಆಸೆ ಇರಲಿಲ್ಲವೆಂದಲ್ಲ. ಅದಕ್ಕಿಂತ ದೊಡ್ಡ ಆಸೆ ಬೇರೊಂದಿತ್ತು. ಡ್ರೈವರನನ್ನು ಜನ ಡ್ರೈವರ್ ಎಂದು ಕರೆಯುತ್ತಾರೆ.

ಈಗ ಅವನ ಹೆಸರು ಕಡಾಣಿ ಕದಿರ. ಮುಳಬಾಗಿಲಿನಿಂದ ಕೋಲಾರದವರೆಗೆ, ಆ ಕಡೆ ಶ್ರೀನಿವಾಸಪುರದವರೆಗೆ, ಅದೇ ಹೆಸರು. ಅವನ ತಾಯಿ ಮುನಿಯಲ್ಲಮ್ಮ ನೀರಿಗೆ ಹೋದರೆ ಬಾವಿಯ ಹತ್ತಿರ ಅವಳು ಕಡಾಣಿ ಕದಿರನ ತಾಯಿ.

ಕದ್ದದ್ದು ಸುಳ್ಳಲ್ಲ. ಅಪ್ಪ ಸತ್ತ ಮೇಲೆ ಇಸ್ಕೂಲು ಬಿಟ್ಟು ಪೋಲಿ ಬಿದ್ದಿದ್ದ ಕಾಲ. ಸಿಕ್ಕಿಬಿದ್ದಾಗ ದಫೇದಾರರು ಕೋರ್ಟಿಗೆ ಎಳೆಯಲಿಲ್ಲ, ಒಂದು ಏಟು ಹಾಕಲಿಲ್ಲ. ಕೈಗೆ ಕೀಲೆಣ್ಣೆಯ ಬಿದಿರುಗೊಟ್ಟ ಕೊಟ್ಟು, "ಇನ್ಮೇಲೆ ಸಂತೆಗೆ ಬರೋ ಪ್ರತಿ ಗಾಡಿಯ ಕಡಾಣಿ ಭದ್ರವಾಗಿದೆಯಾ ನೋಡಿ, ಅಚ್ಚಿಗೆ ಎಣ್ಣೆ ಬಿಡೋದು ನಿನ್ನ ಕೆಲಸ" ಎಂದರು. ಆ ಬೇಸಿಗೆಯೆಲ್ಲ ಅವನು ಗಾಡಿಯಿಂದ ಗಾಡಿಗೆ ಬಗ್ಗಿ ಎದ್ದ. ಆಮೇಲೆ ಅವರೇ ಕೈ ಹಿಡಿದು ಚನ್ನರಾಯಪ್ಪನವರ ಮುಂದೆ ನಿಲ್ಲಿಸಿ, "ಹುಡುಗನಿಗೆ ಕೆಲಸ ಕೊಡಿ, ಹೊಣೆ ನಂದು" ಎಂದಿದ್ದರು. ಯಾವ ಪೊಲೀಸಿನವನು ಹಾಗೆ ಹೇಳುತ್ತಾನೆ? ಕದಿರಪ್ಪ ಅದನ್ನು ಮರೆತಿರಲಿಲ್ಲ. ತೊಂದರೆಯೆಂದರೆ ದಫೇದಾರರೂ ಮರೆತಿರಲಿಲ್ಲ. ಊರನ್ನೂ ಮರೆಯಲು ಬಿಟ್ಟಿರಲಿಲ್ಲ.

ಅವತ್ತು ದಫೇದಾರರೂ ಅದೇ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಹೊರಟರು. ಸಾಹೇಬರಿಗೆ ಹುಡುಗನ ಬಗ್ಗೆ ಬಾಯಿಮಾತಿನಲ್ಲಿ ಶಿಫಾರಸು ಮಾಡುವುದಿತ್ತು.

ಅರ್ಧ ದಾರಿಯಲ್ಲಿ ಏರು ಬಂತು. ಇದ್ದಿಲು ಬಸ್ಸು ಏದುಸಿರು ಬಿಟ್ಟು ನಿಂತಿತು. ಜನ ಇಳಿದರು. ಗುಂಡಮ್ಮನವರೂ ಪೆಟ್ಟಿಗೆ ಸಮೇತ ಇಳಿದು ಹುಣಸೆ ಮರದ ನೆರಳು ಸೇರಿದರು. ಕದಿರಪ್ಪ ಬೂದಿ ಕೆದಕಿ, ಹೊಸ ಇದ್ದಿಲು ಸುರಿದು, ಚಕ್ರಕ್ಕೆ ಕೈ ಹಾಕಿದ. ದಫೇದಾರರು ಮೈಲಿಗಲ್ಲಿನ ಮೇಲೆ ಕೂತು ಕಾಲಿನ ಪಟ್ಟಿ ಸಡಿಲಿಸಿಕೊಳ್ಳುತ್ತಿದ್ದರು. ಪಾದ ಊದಿಕೊಂಡಿತ್ತು.

"ಸ್ವಾಮಿ, ಒಂದು ಮಾತು."

"ಏನೋ?"

"ಸಾಹೇಬರ ಮುಂದೆ ಅದನ್ನ ಹೇಳ್ಬೇಡಿ."

"ಯಾವುದನ್ನ?"

"ಅದೇ. ಕಡಾಣಿ ವಿಷಯ."

ದಫೇದಾರರು ನಿಜವಾಗಿಯೂ ಬೆರಗಾದರು. "ಅದನ್ನ ಹೇಳ್ದಿದ್ರೆ ನಿನ್ನ ವಿಷಯ ಇನ್ನೇನೋ ಹೇಳ್ಲಿ?"

"ಬಸ್ಸು ಓಡಿಸ್ತಾನೆ ಅನ್ನಿ. ಅಷ್ಟು ಸಾಕು."

"ಬಸ್ಸು ಎಲ್ಲರೂ ಓಡಿಸ್ತಾರೆ. ನೀನು ಎಲ್ಲಿಂದ ಎಲ್ಲಿಗೆ ಬಂದೆ ಅನ್ನೋದು ಸಾಹೇಬರಿಗೆ ತಿಳೀಬೇಡ್ವಾ?"

"ಬಂದಿದೀನಾ ಸ್ವಾಮಿ?" ಕದಿರಪ್ಪ ಚಕ್ರ ಬಿಟ್ಟು ತಿರುಗಿ ನಿಂತ. "ನೀವು ದಿನಾ ಕುತ್ತಿಗೆ ಹಿಡ್ದು ವಾಪಸ್ಸು ಅಲ್ಲಿಗೇ ಕರ್ಕೊಂಡೋಗಿ ನಿಲ್ಲಿಸ್ತೀರಿ. ನಾನು ಎಲ್ಲಿಗೂ ಬಂದಿಲ್ಲ. ಆ ಅಮ್ಮನ್ನ ನೋಡಿ, ಹಪ್ಪಳದ ಪೆಟ್ಟಿಗೇನ ಹೆಂಗೆ ತಬ್ಬಿಕೊಂಡವ್ರೆ!"

ದಫೇದಾರರು ಮರದ ಕಡೆ ನೋಡಿದರು. ಊದಿದ ಪಾದವನ್ನು ಒತ್ತಿಕೊಳ್ಳುತ್ತ, ಅದರೊಂದಿಗೇ ಮಾತಾಡುವವರ ಹಾಗೆ ಶುರು ಮಾಡಿದರು.

"ಪಿಂಚಣಿ ಹತ್ರ ಬಂತು ಕಣೋ. ಎಷ್ಟು ಜನಕ್ಕೆ ಹೊಡ್ದಿದೀನಿ, ಎಷ್ಟು ಜನನ ಒಳಗೆ ಹಾಕ್ಸಿದೀನಿ. ಹೊಡೆಸ್ಕೊಂಡೋರು ಈಚೆಗೆ ಬಂದು ಮತ್ತೆ ಕದ್ರು. ಹೋದ ವರ್ಷ ಬಾವುಟ ಹಿಡ್ಕೊಂಡು ಬಂದ ಇಸ್ಕೂಲ್ ಹುಡುಗರಿಗೂ ಹೊಡೆದೆ. ಹೊಡಿ ಅಂದ್ರು, ಹೊಡೆದೆ. ಹೆಂಡತಿ ಎರಡು ದಿನ ಮಾತಾಡ್ಲಿಲ್ಲ. ಈ ಕೈ ಹಿಡಿದು ಎತ್ತಿದ್ದು ಅಂತ ಇದ್ರೆ ನಿನ್ನೊಬ್ನನ್ನೇ. ನಾನೂ ಏನೋ ಮಾಡ್ದೆ ಅಂತ ತೋರ್ಸೋಕೆ ನಂಗೆ ನೀನು ಬಿಟ್ರೆ ಯಾರಿದಾರೆ, ಹೇಳು?"

ಕದಿರಪ್ಪನ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ಈ ಮನುಷ್ಯ ಜೋರು ಮಾಡಿದ್ದರೆ ಅದನ್ನು ಉಗಿಯಬಹುದಿತ್ತು. ಊದಿದ ಪಾದ ಒತ್ತಿಕೊಳ್ಳುವವನ ಮೇಲೆ ಹೇಗೆ ಉಗಿಯುವುದು? ಸಿಟ್ಟನ್ನು ಇಡಲು ಜಾಗ ಸಿಗದೆ ಮತ್ತೆ ಚಕ್ರ ಹಿಡಿದು ತೋಳು ಕಳಚಿ ಬರುವ ಹಾಗೆ ತಿರುವಿದ.

"ಆಯ್ತು ಬಿಡೋ," ಎಂದರು ದಫೇದಾರರು ಪಟ್ಟಿ ಬಿಗಿದುಕೊಳ್ಳುತ್ತ. "ಇವತ್ತು ಹೇಳಲ್ಲ."

ಕೋಲಾರದ ಮೈದಾನದಲ್ಲಿ ಸಾಹೇಬರು ಎರಡು ಡಬ್ಬ ಇಡಿಸಿ, ಅವುಗಳ ನಡುವೆ ಬಸ್ಸನ್ನು ಹಿಮ್ಮುಖವಾಗಿ ನುಗ್ಗಿಸಲು ಹೇಳಿದರು. ಬೆನ್ನಿಗೆ ಒಲೆ ಹೊತ್ತ ಬಸ್ಸು, ಹಿಂದೆ ಏನೂ ಕಾಣುವುದಿಲ್ಲ. ಕದಿರಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಎರಡು ಡಬ್ಬಕ್ಕೂ ತಾಗದ ಹಾಗೆ ತಂದು ನಿಲ್ಲಿಸಿದ. ಸಾಹೇಬರು ಪಕ್ಕದಲ್ಲಿ ಕೂತು ಪೇಟೆಯ ತುಂಬ ಅವನಿಂದ ಬಸ್ಸು ಓಡಿಸಿ ನೋಡಿದರು. ಇಳಿದ ಮೇಲೆ ದಫೇದಾರರ ಕಡೆ ತಿರುಗಿ ಕೇಳಿದರು: "ನಿಮಗೆ ಗೊತ್ತಿರೋ ಹುಡುಗನೇನ್ರಿ? ಎಂಥವನು?"

ರಾಮಚಂದ್ರಪ್ಪನವರ ಎದೆ ಉಬ್ಬಿತು, ಬಾಯಿ ತೆರೆಯಿತು. ಆ ಕಥೆ ಅವರ ಹಲ್ಲಿನ ಹಿಂದೆ ಬಂದು ನಿಂತಿದ್ದು ಕದಿರಪ್ಪನಿಗೆ ಕಂಡಿತು. ದಫೇದಾರರು ಅವನ ಕಡೆ ನೋಡಿದರು. ಬಾಯಿ ಮುಚ್ಚಿತು. ಉಗುಳು ನುಂಗಿ ಹೇಳಿದರು:

"ಬಸ್ಸು ಚೆನ್ನಾಗಿ ಓಡಿಸ್ತಾನೆ ಸ್ವಾಮಿ."

ಅಷ್ಟೇ. ಸಾಹೇಬರು ರುಜು ಹಾಕಿದರು. ಡ್ರೈವರನ ಹಿತ್ತಾಳೆಯ ಬಿಲ್ಲೆ ಕದಿರಪ್ಪನ ಅಂಗಿಯ ಮೇಲೆ ಬಂತು. ಮರದ ಮರೆಗೆ ಹೋಗಿ ದಫೇದಾರರು ಮೂಗು ಒರೆಸಿಕೊಂಡದ್ದನ್ನು ಕದಿರಪ್ಪ ಕಂಡೂ ಕಾಣದವನ ಹಾಗೆ ಇದ್ದ.

"ಕೂರ್ಚೋರಾ," ಎಂದು ಪೆದ್ದಪ್ಪ ಅವನನ್ನು ಸೀಟಿಗೆ ತಳ್ಳಿದ. "ನೀ ಕೂತ್ಕೋ. ಚಕ್ರ ನಾನು ತಿರುವ್ತೀನಿ. ಅದಕ್ಕೆ ಕಣ್ಣು ಬೇಕಾಗಿಲ್ಲ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಸ ಮುಖಗಳೇ ಹೆಚ್ಚು. ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಹಿಂದಿನಿಂದ ಕೂಗಿದಳು: "ಡ್ರೈವರಣ್ಣಾ, ಬಾವಿ ಹತ್ರ ಸ್ವಲ್ಪ ನಿಲ್ಸಪ್ಪಾ!" ಅವಳು ಕರೆದದ್ದು ತನ್ನನ್ನೇ ಎಂದು ತಿಳಿಯಲು ಕದಿರಪ್ಪನಿಗೆ ಒಂದು ಗಳಿಗೆ ಹಿಡಿಯಿತು. ನಿಲ್ಲಿಸಿದ. ಬಾವಿಯಿಂದ ಇನ್ನೂ ಹತ್ತು ಹೆಜ್ಜೆ ಮುಂದಕ್ಕೆ, ನೆರಳಿರುವ ಕಡೆ ನಿಲ್ಲಿಸಿದ. ಮೈಯೆಲ್ಲ ನೋಯುತ್ತಿತ್ತು, ಆದರೂ ಈ ದಾರಿ ಮುಗಿಯುವುದು ಬೇಡ ಎನಿಸಿತು.

ಮುಳಬಾಗಿಲು ಸೇರುವಾಗ ಹೊತ್ತು ಇಳಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಮುಂದೆ ಜನ ಗುಂಪುಗಟ್ಟಿತ್ತು. ಮಾಲೂರಿನ ಹೆಂಚು ಹೇರಿಕೊಂಡು ಬಂದ ಗಾಡಿಯೊಂದು ಒಂದು ಪಕ್ಕಕ್ಕೆ ಮಗುಚಿ ಬಿದ್ದಿತ್ತು. ರಸ್ತೆಯ ತುಂಬ ಕೆಂಪು ಚೂರು. ಬಿಚ್ಚಿಕೊಂಡ ಚಕ್ರ ಸೊಪ್ಪಿನ ಆಂಜಿನಮ್ಮನ ಬುಟ್ಟಿಯ ತನಕ ಉರುಳಿ ಮಲಗಿತ್ತು. ಗಾಡಿಯ ಒಡೆಯ ದೊಡ್ಡನಾರಾಯಣಪ್ಪ ಜಗಲಿಯ ಮೇಲೆ ಕೂತು ಉಳುಕಿದ ಕಾಲು ಹಿಡಿದುಕೊಂಡು ಯಾರನ್ನೋ ಬಯ್ಯುತ್ತಿದ್ದ.

"ಕಾಫಿ ಕುಡಿಯೋಕೆ ನಿಲ್ಸಿದ್ದೆ! ಅಷ್ಟರಲ್ಲಿ ಕಡಾಣಿ ಕಿತ್ತವ್ರೆ, ಅವರ ಮನೆ ಹಾಳಾಗ!"

ದಫೇದಾರರು ಬಸ್ಸಿನಿಂದ ಇಳಿದು ಗಾಡಿಯ ಹತ್ತಿರ ಬಗ್ಗಿದರು. ಅಚ್ಚಿನ ತುದಿಯ ಖಾಲಿ ತೂತಿಗೆ ಬೆರಳಿಟ್ಟು ನೋಡಿದರು. ಎದ್ದು ನಿಂತರು. ನಿಂತವರೇ ತಿರುಗಿದರು. ಅವರ ಕಣ್ಣು ನೆಟ್ಟಗೆ ಹೋಗಿ ನಿಂತದ್ದು ಡ್ರೈವರ್ ಸೀಟಿನಲ್ಲಿದ್ದ ಕದಿರಪ್ಪನ ಮೇಲೆ. ಅವರ ಹಿಂದೆಯೇ ಊರಿನ ಕಣ್ಣೂ ಅಲ್ಲಿಗೇ ಹೋಯಿತು.

ಹಾಗೆ ನೋಡಿದ್ದು ಬೆಳಗಿನಿಂದ ಅವನನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದ ಮನುಷ್ಯ, ಅವನು ಕಿತ್ತಿರಲಾರನೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು.

ದಫೇದಾರರಿಗೂ ಅದು ತಿಳಿಯಿತು. ಆದರೆ ನೋಟ ನೋಡಿಯಾಗಿತ್ತು, ಏನಾದರೂ ಆಡಿ ಅದನ್ನು ಮುಚ್ಚಬೇಕಾಗಿತ್ತು. ಆಡಿದರು.

"ಕದಿರ, ಬಾರೋ ಇಲ್ಲಿ. ಇದು... ನಿಂಗೆ ಗೊತ್ತಿರೋ ಕೆಲಸ. ಆ ಬುದ್ಧಿ ಹೆಂಗೆ ಓಡುತ್ತೆ ಅಂತ ನಿಂಗಲ್ದೆ ಯಾರಿಗೆ ಗೊತ್ತು? ಯಾರಿರ್ಬೋದು, ಹೇಳು."

ಕದಿರಪ್ಪ ಇಳಿದ. ಹೋಟೆಲಿನ ಕಂಬಕ್ಕೆ ಒರಗಿ, ಕತ್ತಿಗೆ ಕೆಂಪು ಚೌಕ ಕಟ್ಟಿದ ಹುಡುಗ ನಿಂತಿದ್ದ. ಅವನ ಚಡ್ಡಿಯ ಜೇಬು ಏನೋ ಭಾರಕ್ಕೆ ಜಗ್ಗಿಕೊಂಡಿತ್ತು. ಬೆಳಗ್ಗೆ ಕಿರಿದಿದ್ದ ಹಲ್ಲು ಈಗ ಕಾಣುತ್ತಿರಲಿಲ್ಲ. ಮಗುಚಿದ ಗಾಡಿಯನ್ನೂ ಗಾಡಿಯವನ ಉಳುಕಿದ ಕಾಲನ್ನೂ ಮತ್ತೆ ಮತ್ತೆ ನೋಡುತ್ತಿದ್ದ. ಇಬ್ಬರ ಕಣ್ಣೂ ಕೂಡಿದವು. ಹುಡುಗ ಜೇಬಿನ ಮೇಲೆ ಕೈ ಮುಚ್ಚಿಕೊಂಡ.

ಒಂದು ಬೆರಳು ತೋರಿಸಿದರೆ ಸಾಕಿತ್ತು. ತನ್ನ ಮೇಲೆ ನೆಟ್ಟ ಅಷ್ಟೂ ಕಣ್ಣು ಆ ಕಡೆ ತಿರುಗುತ್ತಿತ್ತು. ದಫೇದಾರರು ಆ ಹುಡುಗನಿಗೂ ಹೊಡೆಯುವುದಿಲ್ಲ. ಕೀಲೆಣ್ಣೆಯ ಗೊಟ್ಟ ಕೊಡುತ್ತಾರೆ, ಎಲ್ಲೋ ಕೆಲಸವನ್ನೂ ಕೊಡಿಸುತ್ತಾರೆ. ಆಮೇಲೆ ಅವನು ಮುದುಕನಾಗುವವರೆಗೆ ಎದೆಗೆ ಲಾಠಿ ತಾಗಿಸಿ ಇದೇ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಾರೆ.

"ಹೇಳೋ ಕದಿರ," ಎಂದರು ದಫೇದಾರರು. ದನಿಯಲ್ಲಿ ಅಧಿಕಾರವಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು. "ನನ್ನ ಮುಖ ನೋಡಿ ಹೇಳು."

ಕದಿರಪ್ಪ ಅವರ ಮುಖವನ್ನು ನೋಡಿದ. ಬಿಲ್ಲೆಯ ಮೇಲೆ ಕೂತ ಇದ್ದಿಲ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ. ಬಸ್ಸಿನ ಬಾಗಿಲು ಎಳೆದು ಮುಚ್ಚಿ, ಹೆಂಚಿನ ಚೂರುಗಳನ್ನು ತುಳಿಯುತ್ತ, ಜನ ಬಿಟ್ಟ ದಾರಿಯಲ್ಲಿ ಮನೆಯ ಕಡೆ ನಡೆದ.