ದೋಷವಿಲ್ಲ, ಹೀಗೇ ಇದೆ

ನಾನು ಏಳು ಅಂಗುಲದ ಒಂದು ರೆಕಾರ್ಡು. ಬದಿಗೊಂದರಂತೆ ಎರಡೇ ಹಾಡು. ಅರವತ್ತೇಳನೇ ಇಸವಿಯಲ್ಲಿ ಬಂಗಾಳದ ಕಡೆಯ ಒಂದು ಕಾರ್ಖಾನೆಯಲ್ಲಿ, ಕಾದ ಕರಿ ಮುದ್ದೆಯಾಗಿದ್ದ ನನ್ನನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರು. ಅರ್ಧ ನಿಮಿಷದಲ್ಲಿ ಹುಟ್ಟು ಮುಗಿಯಿತು. ಅಂಚು ಕತ್ತರಿಸುವವನು ನನ್ನನ್ನು ಬೆಳಕಿಗೆ ಹಿಡಿದು ನೋಡಿ, ಸರಿಯಾಗಿದೆ ಎಂದು ಪಕ್ಕಕ್ಕಿಟ್ಟ. ಅವನು ನೋಡಿದ, ಕೇಳಲಿಲ್ಲ. ನನ್ನ ತೊಂದರೆ ಇದ್ದದ್ದು ಕೇಳುವುದರಲ್ಲಿ.

ಹಾಡಿದ್ದು ಇಂಗ್ಲೆಂಡಿನ ಒಂದು ಹೆಸರಾಂತ ತಂಡ. ನೇರವಾದ ಪ್ರೇಮಗೀತೆಗಳಿಂದ ಹೆಸರು ಮಾಡಿದ್ದ ಅವರು ಆಗಷ್ಟೇ ದಾರಿ ಬದಲಿಸಿದ್ದರು. ಗಿಟಾರಿನ ಪಕ್ಕಕ್ಕೆ ಸಿತಾರು ಬಂದಿತ್ತು. ದನಿ ನೀರಿನ ಕೊಳವೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಮೊದಲ ಬದಿಯ ಹಾಡು ಮುಗಿದು ಎರಡು ಕ್ಷಣ ಮೌನ. ಆಮೇಲೆ ಇಪ್ಪತ್ತು ಸೆಕೆಂಡು ಒಬ್ಬನ ಮಾತು. ಟೇಪನ್ನು ಹಿಂದುಮುಂದಾಗಿ ಓಡಿಸಿ ಬೇಕೆಂದೇ ಸೇರಿಸಿದ್ದು. ಅವರಿಗೆ ಅದು ಹೊಸತನ. ನನಗೆ ಹುಟ್ಟಿನಿಂದ ಬಂದ ದಿಗಿಲು. ಆ ಜಾಗಕ್ಕೆ ಮುಳ್ಳು ಬಂದಾಗಲೆಲ್ಲ ಕೇಳುವವರ ಹುಬ್ಬು ಗಂಟಿಕ್ಕುತ್ತಿತ್ತು. ಮುಂಬಯಿಯ ಅಂಗಡಿಯಿಂದ ಇಬ್ಬರು ನನ್ನನ್ನು ಒಯ್ದು ಮರುದಿನವೇ ಹಿಂದಕ್ಕೆ ತಂದರು. ಮೂರನೆಯ ಸಲ ನನ್ನನ್ನು ಕೊಂಡದ್ದು ಉತ್ತರ ಕರ್ನಾಟಕದ ಊರೊಂದರ ರೇಡಿಯೋ ನಿಲಯ.

ಅಲ್ಲಿ ಶನಿವಾರ ಮಧ್ಯಾಹ್ನ ಅರ್ಧ ಗಂಟೆ ಪಾಶ್ಚಾತ್ಯ ಸಂಗೀತ ಇರುತ್ತಿತ್ತು. ಅದನ್ನು ನಡೆಸುತ್ತಿದ್ದವಳು ಕುಮುದಿನಿ ನವಲಗುಂದ, ಮೂರು ತಿಂಗಳ ಕಾಂಟ್ರಾಕ್ಟಿನ ಉದ್ಘೋಷಕಿ. ಕಾಂಟ್ರಾಕ್ಟು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಮುಂದುವರಿಸದಿದ್ದರೆ ವಿಜಾಪುರದಲ್ಲಿರುವ ಅಣ್ಣನ ಮನೆಗೆ ಹೋಗಿ ಅವನ ಮಕ್ಕಳನ್ನು ಎತ್ತಿಕೊಂಡು ಕೂರಬೇಕು. ಅಣ್ಣ ಆಗಲೇ ಕಾಗದ ಬರೆದಿದ್ದ.

ಪ್ರಸಾರಕ್ಕೆ ಮೊದಲು ಪ್ರತಿಯೊಂದು ರೆಕಾರ್ಡನ್ನೂ ಪೂರ್ತಿ ಕೇಳಬೇಕೆಂಬುದು ನಿಯಮ. ಬಹಳ ಜನ ಕೇಳುತ್ತಿರಲಿಲ್ಲ. ಕುಮುದಿನಿ ಕೇಳಿದಳು. ಕೊನೆಯ ಜಾಗ ಬಂದಾಗ ಅವಳ ಹುಬ್ಬೂ ಗಂಟಿಕ್ಕಿತು. ಯೋಚಿಸಿದಳು. ಯಂತ್ರ ನಿಲ್ಲಿಸಿ, ಬೆರಳಿನಿಂದ ನನ್ನನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದಳು. ಆಮೇಲೆ ಒಬ್ಬಳೇ ನಕ್ಕಳು. ನನ್ನನ್ನು ಕೇಳಿ ಯಾರಾದರೂ ನಕ್ಕದ್ದು ಅದೇ ಮೊದಲು.

ಹಿಂದಕ್ಕೆ ತಿರುಗಿಸುವುದು ಉದ್ಘೋಷಕರ ದಿನನಿತ್ಯದ ರೂಢಿ. ಒಂದು ಹಾಡು ಹೋಗುತ್ತಿರುವಾಗ ಮುಂದಿನ ರೆಕಾರ್ಡನ್ನು ಎರಡನೆಯ ಯಂತ್ರದ ಮೇಲಿಟ್ಟು, ಹಾಡು ಶುರುವಾಗುವ ಜಾಗ ಹುಡುಕಿ, ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ಎಳೆದು ನಿಲ್ಲಿಸುತ್ತಾರೆ. ಅದಕ್ಕೆ ಕ್ಯೂ ಮಾಡುವುದು ಎನ್ನುತ್ತಾರೆ. ಆಗ ಬರುವ ಉಲ್ಟಾ ಸದ್ದು ಅವರ ಹೆಡ್‌ಫೋನಿಗೆ ಮಾತ್ರ. ಆ ಯಂತ್ರದ ಸದ್ದನ್ನು ಪ್ರಸಾರಕ್ಕೆ ಬಿಡುವ ಗುಂಡಿ ಮುಚ್ಚಿರಬೇಕು. ಮರೆತು ತೆರೆದಿಟ್ಟರೆ ಆ ಸದ್ದು ಊರಿಗೆಲ್ಲ ಹೋಗುತ್ತದೆ. ಆ ಕಟ್ಟಡದಲ್ಲಿ ಅದಕ್ಕಿಂತ ನಾಚಿಕೆಗೇಡಿನ ತಪ್ಪು ಇನ್ನೊಂದಿರಲಿಲ್ಲ.

ಶನಿವಾರ ನಾನು ಪ್ರಸಾರವಾದೆ. ಹಾಡು ಮುಗಿಯಿತು. ಮೌನ. ಆಮೇಲೆ ಆ ಇಪ್ಪತ್ತು ಸೆಕೆಂಡು. ಅದು ಮುಗಿಯುವಷ್ಟರಲ್ಲಿ ಡ್ಯೂಟಿ ಆಫೀಸರ್ ಕಮತಗಿಯವರು ಸ್ಟುಡಿಯೋದ ಗಾಜಿನಾಚೆ ನಿಂತಿದ್ದರು.

"ಗುಂಡಿ ತಗದಿಟ್ಟು ಕ್ಯೂ ಮಾಡಿದೇನವಾ?"

"ಇಲ್ರಿ ಸರ್. ಪ್ಲೇಟಿನಾಗನ ಹಂಗ ಅದ."

"ಇಪ್ಪತ್ತು ವರ್ಷ ಆತು ನಾ ಈ ಸದ್ದು ಕೇಳಾಕತ್ತಿ. ನನಗ ಹೇಳಬ್ಯಾಡ. ಯಾವ ಕಂಪನಿ ತನ್ನ ಹಾಡು ತಾನ ಉಲ್ಟಾ ಛಾಪಿಸ್ತದ?"

"ಹಾಕಿ ತೋರಸ್ತೀನ್ರಿ."

"ಲಾಗ್ ಬುಕ್ಕಿನಾಗ ಬರದು ಬಂದೀನಿ. ಸೋಮವಾರ ಸಾಹೇಬರ ಮುಂದ ತೋರಸು."

ಕಮತಗಿಯವರು ಕೆಟ್ಟ ಮನುಷ್ಯರಲ್ಲ. ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ಅವರಿಗಿರಲಿಲ್ಲ, ಅಷ್ಟೇ. "ಉದ್ಘೋಷಕಿಯ ಅಜಾಗರೂಕತೆ. ಕ್ಯೂ ಮಾಡುವ ಸದ್ದು ಪ್ರಸಾರವಾಗಿದೆ." ಅವಳ ಕಾಂಟ್ರಾಕ್ಟು ನಿಲ್ಲಿಸಲು ಈ ಎರಡು ಸಾಲು ಸಾಕಿತ್ತು.

ಭಾನುವಾರವಿಡೀ ನಾನು ಲೈಬ್ರರಿಯ ಕಪಾಟಿನಲ್ಲಿ ನಿಂತೇ ಇದ್ದೆ. ಅವಳು ಮಾಡದ ತಪ್ಪು ನನ್ನ ಮೈಮೇಲಿತ್ತು. ಬಾಯಿ ಬಿಟ್ಟು ಹೇಳಲು ನನಗೆ ಇನ್ನೊಬ್ಬರ ಮುಳ್ಳು ಬೇಕು.

ಸೋಮವಾರ ಹನ್ನೊಂದಕ್ಕೆ ನನ್ನನ್ನು ನಿರ್ದೇಶಕ ಶಿರಾಲಿಯವರ ಕೋಣೆಗೆ ತಂದರು. ಮೂಲೆಯಲ್ಲಿ ಹಳೆಯದೊಂದು ಯಂತ್ರವಿತ್ತು. ಅದರ ತೋಳು ಸ್ಟುಡಿಯೋದ ಯಂತ್ರದಂತೆ ಹಗುರವಾಗಿರಲಿಲ್ಲ, ಸೌಟಿನಷ್ಟು ದಪ್ಪ. ಅದು ನನ್ನ ಮೇಲೆ ಕೂತಾಗಲೇ ಮೈ ಉರಿಯಿತು. ಹಾಡು ಮುಗಿಯಿತು, ಉಲ್ಟಾ ಮಾತು ಬಂತು. ಕಮತಗಿಯವರು ನೆಲ ನೋಡಿದರು. ಎಲ್ಲ ಮುಗಿಯಿತೆಂದು ನಾನು ತಿಳಿದೆ.

ಶಿರಾಲಿಯವರು ಕನ್ನಡಕ ತೆಗೆದರು. "ಗುಂಡಿಯ ತಪ್ಪಲ್ಲ, ಒಪ್ಪಿದೆ. ಹಾಗಾದರೆ ರೆಕಾರ್ಡೇ ಕೆಟ್ಟಿದೆ. ಕೆಟ್ಟ ರೆಕಾರ್ಡನ್ನು ಹೇಗೆ ಹಾಕಿದಿರಿ? ಮೊದಲು ಕೇಳಲಿಲ್ಲವೆ?"

"ಕೇಳೀನ್ರಿ ಸರ್. ಕೆಟ್ಟಿಲ್ರಿ ಅದು. ಬೇಕಂತನ ಹಂಗ ಮಾಡ್ಯಾರ."

"ನಿಮಗೆ ಹೇಗೆ ಗೊತ್ತು?"

"ಹಿಂದಕ್ಕ ತಿರುವಿದ್ರ ಮಾತು ನೆಟ್ಟಗ ಕೇಳ್ತದ್ರಿ."

ಕಮತಗಿಯವರು ತಲೆ ಎತ್ತಿದರು. ಈ ಸಲ ಅವರ ದನಿ ಮೆತ್ತಗಿತ್ತು. "ಕುಮುದಿನಿ, ಈ ತೋಳಿನಾಗ ಹಿಂದಕ್ಕ ತಿರುವಬ್ಯಾಡವಾ. ಗೀರು ಬೀಳ್ತದ. ಸರಕಾರಿ ಮಾಲು, ಮ್ಯಾಲ ಅದಕ್ಕೊಂದು ಮೆಮೊ ಬರ್ತದ."

"ಸ್ಟುಡಿಯೋಕ್ಕ ಹೋಗೋಣೇನ್ರಿ ಸರ್?" ಎಂದು ಅವಳು ಶಿರಾಲಿಯವರನ್ನು ಕೇಳಿದಳು.

"ಅಲ್ಲಿ ರೈತರ ಕಾರ್ಯಕ್ರಮದ ಮುದ್ರಣ ನಡೆದಿದೆ. ಹನ್ನೆರಡಕ್ಕೆ ನಾನು ಹೊರಡಬೇಕು. ತೋರಿಸುವುದಿದ್ದರೆ ಇಲ್ಲೇ ತೋರಿಸಿ."

ಅವಳ ಬೆರಳು ನನ್ನ ಅಂಚಿಗೆ ಬಂತು. ಒದ್ದೆಯಾಗಿತ್ತು. ಕ್ಷಣ ಹೊತ್ತು ಅಲ್ಲೇ ನಿಂತಿತು. ನನ್ನನ್ನು ಕಾಪಾಡಿದರೆ ತನ್ನ ಕೆಲಸ ಹೋಗುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಹಿಂದಕ್ಕೆ ಎಳೆದಳು. ಒಂದು ಸುತ್ತು, ಎರಡು, ಮೂರು. ಮುಳ್ಳು ಸಾಲು ಬಿಟ್ಟು ಪಕ್ಕದ ಸಾಲಿಗೆ ಉತ್ತುಕೊಂಡು ಹೋಯಿತು. ಆದರೆ ಅದಕ್ಕೆ ಮುಂಚೆ ಒಬ್ಬ ಇಂಗ್ಲಿಷ್ ಹುಡುಗನ ದನಿ, ತೊದಲಿದರೂ ನೆಟ್ಟಗೆ, ಇಂಗ್ಲಿಷಿನಲ್ಲಿ ಕೇಳಿತು: ನನ್ನ ಬೂಟು ಎಲ್ಲಿ, ಯಾರಾದರೂ ನನ್ನ ಬೂಟು ಕಂಡಿರಾ.

ಶಿರಾಲಿಯವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಬೂಟೇ?" ಎಂದರು ಶಿರಾಲಿಯವರು.

"ಹೌದ್ರಿ ಸರ್. ಬೂಟು."

"ಇದಕ್ಕೇನರ್ಥ?"

"ಅರ್ಥ ಇಲ್ರಿ. ಆದ್ರ ದೋಷನೂ ಅಲ್ರಿ."

ಕಮತಗಿಯವರು ಮೆಲ್ಲಗೆ, "ಇಷ್ಟಕ್ಕ ಇಪ್ಪತ್ತು ಸೆಕೆಂಡ್ ಹಾಳು ಮಾಡ್ಯಾವ ನೋಡ್ರಿ ಆ ಮಂಗ್ಯಾನಮಕ್ಕಳು" ಎಂದರು. ಲಾಗ್ ಬುಕ್ಕು ತರಿಸಿ ತಮ್ಮ ಎರಡು ಸಾಲಿನ ಮೇಲೆ ತಾವೇ ಗೆರೆ ಎಳೆದು ಸಹಿ ಮಾಡಿದರು. ಹಾಗೆ ಮಾಡಿದ್ದನ್ನು ಆ ನಿಲಯದಲ್ಲಿ ಮೊದಲು ಯಾರೂ ನೋಡಿರಲಿಲ್ಲವಂತೆ.

ಕುಮುದಿನಿಯ ಕಾಂಟ್ರಾಕ್ಟು ಮೂರು ತಿಂಗಳು ಮುಂದುವರಿಯಿತು, ಮತ್ತೆ ಮೂರು, ಆಮೇಲೆ ಕಾಯಂ ಆಯಿತು. ಶನಿವಾರದ ಸಂಗೀತವನ್ನು ಮಾತ್ರ ಅವಳಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಕಾರಣ ಹೇಳಲಿಲ್ಲ. ಅವಳು ಮೂವತ್ತು ವರ್ಷ ಪೇಟೆ ಧಾರಣೆ ಓದಿದಳು. ಹತ್ತಿ, ಶೇಂಗಾ, ಒಣಮೆಣಸಿನಕಾಯಿ.

ಆ ಸೋಮವಾರ ಮಧ್ಯಾಹ್ನ ಅವಳು ನನ್ನ ಕಾಗದದ ಚೀಲದ ಮೇಲೆ ನೀಲಿ ಶಾಯಿಯಲ್ಲಿ ಬರೆದಳು: "ಕೊನೆಯ ಇಪ್ಪತ್ತು ಸೆಕೆಂಡು ಉಲ್ಟಾ ಮಾತು. ದೋಷವಿಲ್ಲ, ಹೀಗೇ ಇದೆ. ಕು. ನ." ಮುಂದೆ ಇನ್ನೊಬ್ಬರ ಮೇಲೆ ಅದೇ ಗೂಬೆ ಕೂರಬಾರದೆಂದು ಬರೆದದ್ದು. ಹೊಸ ಗೀರನ್ನು ಅವಳು ನೋಡಿದ್ದಳು. ಅದನ್ನು ಬರೆಯಲಿಲ್ಲ. ಬರೆದಿದ್ದರೆ ಮೆಮೊ ಬರುತ್ತಿತ್ತು.

ಅಂದಿನಿಂದ ನನ್ನನ್ನು ಯಾರೂ ಹಾಕಲಿಲ್ಲ. ಕಮತಗಿ ಹೋದರು, ಶಿರಾಲಿ ಹೋದರು, ಕುಮುದಿನಿಯೂ ನಿವೃತ್ತಳಾದಳು. ಹೋದ ವಾರ ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಲು ಒಬ್ಬ ಹುಡುಗಿ ಬಂದಳು. ಮೂರು ತಿಂಗಳ ಕಾಂಟ್ರಾಕ್ಟಂತೆ. ನೆಲದ ಮೇಲೆ ಎರಡು ರಾಶಿ ಮಾಡಿದಳು, ಉಳಿಸುವವು ಮತ್ತು ಗುಜರಿಗೆ ಹೋಗುವವು. ಚೀಲದ ಮೇಲಿನದನ್ನು ಗಟ್ಟಿಯಾಗಿ ಓದಿ ಮುಳ್ಳು ಇಟ್ಟಳು. ಕೊನೆಗೆ ಬಂದಾಗ ಅದು ಗೀರಿಗೆ ಸಿಕ್ಕಿ ಟಕ್ ಟಕ್ ಎಂದು ಅಲ್ಲೇ ಕುಣಿಯಿತು.

"ದೋಷವಿಲ್ಲ ಅಂತ ಬರದಾರ," ಎಂದಳು. "ಯಾರೋ ಏನೋ, ಕೇಳದನ ಬರದಾರ."

ಈಗ ನಾನು ಎರಡನೆಯ ರಾಶಿಯಲ್ಲಿದ್ದೇನೆ. ಗುಜರಿಯವನು ನಾಳೆ ಬರುತ್ತಾನೆ. ಆ ಹುಡುಗಿಗೆ ಒಂದು ಮಾತು ಹೇಳಬೇಕಿತ್ತು. ಕುಮುದಿನಿ ಕೇಳಿಯೇ ಬರೆದಿದ್ದಳು. ಹಿಂದಕ್ಕೂ ತಿರುಗಿಸಿ ಪೂರ್ತಿ ಕೇಳಿದ್ದು ಅವಳೊಬ್ಬಳೇ. ನನ್ನ ಮೇಲಿರುವ ಗೀರು ಅದಕ್ಕೆ ಸಾಕ್ಷಿ. ಆದರೆ ಆ ಗೀರು ಬಂದಲ್ಲಿಗೆ ನನ್ನ ಮಾತು ನಿಂತುಹೋಗುತ್ತದೆ.